ಚಳಿ ಅಲ್ವಾ? ಊಟ ಆಯ್ತಾ?

ಜಪಾನಿನ ಕಾವಾಸಾಕಿಗೆ ಬಂದ ಹೊಸದರಲ್ಲಿ ಇಲ್ಲಿನವರ ಹವೆಯ ಮಾತು ಕೇಳಿ ನನಗೆ ರೇಗುತ್ತಿತ್ತು. ಲಿಫ್ಟಿನಲ್ಲಿ ಸಿಕ್ಕರೆ ‘ಚಳಿ ಅಲ್ವಾ’. ಕಸ ಹಾಕುವಾಗ ಸಿಕ್ಕರೆ ‘ಒಳ್ಳೆ ಬಿಸಿಲು ಅಲ್ವಾ’. ಹೌದು ಅಂತ ತಲೆ ಬಾಗಿಸಿದರೆ ಮುಗಿಯಿತು. ಊಟ ಆಯ್ತಾ ಅಂತ ಕೇಳುವವರೇ ಇಲ್ಲದ ಊರು ಅನ್ನಿಸಿತ್ತು.

ಆಮೇಲೆ ಇಲ್ಲಿನ ನಿರ್ದೇಶಕ ಯಸುಜಿರೊ ಓಜು 1959ರಲ್ಲಿ ಮಾಡಿದ ‘ಒಹಾಯೊ’ (ಶುಭೋದಯ) ಅನ್ನೋ ಸಿನಿಮಾ ನೋಡಿದೆ. ಹೊರವಲಯದ ಒತ್ತೊತ್ತು ಮನೆಗಳು. ಮಿನೊರು, ಇಸಾಮು ಅನ್ನೋ ಅಣ್ಣತಮ್ಮ ಟಿವಿ ಬೇಕು ಅಂತ ಹಟ ಹಿಡಿಯುತ್ತಾರೆ. ಮಾತು ಜಾಸ್ತಿ ಆಯ್ತು ಅಂತ ಅಪ್ಪ ಗದರುತ್ತಾನೆ. ಬೇಡದ ಮಾತಾಡೋದು ದೊಡ್ಡವರೇ ಅಂತ ಮಿನೊರು ತಿರುಗಿ ಬೀಳುತ್ತಾನೆ. ಎಲ್ಲಿಗೆ ಅಂದರೆ ‘ಚೊತ್ತೊ ಸೊಕೊಮಾದೆ’ ಅಂತೀರಿ, ಅದರಲ್ಲಿ ಏನು ಗೊತ್ತಾಗುತ್ತೆ ಅನ್ನೋದು ಅವನ ವಾದ. ನಾನು ಬಿದ್ದು ಬಿದ್ದು ನಕ್ಕೆ. ಅದು ನಮ್ಮ ‘ಇಲ್ಲೇ, ಹೀಗೇ’! ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು ಅಂತ ಅಜ್ಜಿ ಬೈಯುತ್ತಿದ್ದರೂ ಕೇಳಿದವರಿಗೆಲ್ಲ ನಮ್ಮೂರಲ್ಲಿ ಸಿಗುತ್ತಿದ್ದ ಉತ್ತರ.

ಹುಡುಗರು ಮೌನ ಹಿಡಿಯುತ್ತಾರೆ. ಶಾಲೆಯ ಊಟದ ದುಡ್ಡನ್ನೂ ಕೈಸನ್ನೆಯಲ್ಲೇ ಕೇಳುತ್ತಾರೆ, ಮನೆಯವರಿಗೆ ಅರ್ಥವಾಗಲ್ಲ. ಪಕ್ಕದ ಮನೆಯಾಕೆ ನಮಸ್ಕಾರ ಅಂದರೂ ತುಟಿ ಬಿಚ್ಚಲ್ಲ. ಮಹಿಳಾ ಸಂಘದ ಚಂದಾ ಗಲಾಟೆ ಆಗಿ ಸ್ವಲ್ಪ ದಿನ ಆಗಿತ್ತಷ್ಟೆ. ಅದಕ್ಕೇ ಇವರಮ್ಮ ಹಗೆ ಸಾಧಿಸುತ್ತಿದ್ದಾಳೆ ಅಂತ ಕೇರಿಯಲ್ಲಿ ಗುಸುಗುಸು ಶುರು.

ನಮ್ಮಲ್ಲಿ ಮಕ್ಕಳ ಹಟ ಅಂದರೆ ಊಟ ಬಿಡೋದು. 1987ರಲ್ಲಿ ಭಾನುವಾರದ ರಾಮಾಯಣಕ್ಕೆ ಪಕ್ಕದ ಮನೆ ಬಾಗಿಲಲ್ಲಿ ಚಪ್ಪಲಿ ರಾಶಿ ಬೀಳುತ್ತಿತ್ತು. ಆಗ ನಾನೂ ಟಿವಿಗಾಗಿ ಒಂದು ಹೊತ್ತು ಬಿಟ್ಟಿದ್ದೆ. ಅಮ್ಮ ಕರಗಿದಳು, ಅಪ್ಪ ಜಗ್ಗಲಿಲ್ಲ. ಈ ಹುಡುಗರು ನನಗಿಂತ ಜಾಣರು. ಅನ್ನದ ಪಾತ್ರೆ ಎತ್ತಿಕೊಂಡು ಹೊಳೆ ದಂಡೆಗೆ ಹೋಗುತ್ತಾರೆ! (ಸಿನಿಮಾದಲ್ಲಿ ಹುಡುಗರು ಆಡುವ ಹೂಸಿನ ಆಟದ ಬಗ್ಗೆ ನಾನು ಬರೆಯಲ್ಲ, ನೋಡಿಯೇ ನಗಬೇಕು.)

ಕೊನೆಕೊನೆಗೆ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಹುಡುಗರ ಚಿಕ್ಕಮ್ಮ, ಅವರಿಗೆ ಇಂಗ್ಲಿಷ್ ಹೇಳಿಕೊಡುವ ಯುವಕ ನಿಂತಿರುತ್ತಾರೆ. ಇಬ್ಬರಿಗೂ ಮನಸ್ಸಿದೆ. ಮಾತಾಡೋದು ಮಾತ್ರ ಹವೆ, ಮೋಡದ ಆಕಾರ. ಅದನ್ನು ನೋಡಿದ ಮೇಲೆ ‘ಊಟ ಆಯ್ತಾ’ನೇ ಮೇಲು ಅನ್ನೋ ನನ್ನ ಜಂಬ ಸ್ವಲ್ಪ ಇಳಿಯಿತು. ಅದಕ್ಕೆ ಹಸಿದಿದ್ದರೂ ‘ಆಯ್ತು ಆಯ್ತು’ ಅನ್ನಬೇಕಲ್ವಾ. ಚಳಿಗೆ ಸುಳ್ಳು ಹೇಳಬೇಕಿಲ್ಲ.

ಆದರೂ ಬಾಯಿ ಸುಮ್ನಿರಲಿಲ್ಲ. ಒಂದು ಮಧ್ಯಾಹ್ನ ಪಕ್ಕದ ಮನೆ ಅಜ್ಜಿಗೆ ‘ಊಟ ಮಾಡಿದಿರಾ’ ಅಂತ ಜಪಾನಿ ಭಾಷೆಯಲ್ಲೇ ಕೇಳಿಬಿಟ್ಟೆ. ಅವರು ಏನೂ ತೋಚದೆ ನಿಂತರು. ಅರ್ಧ ಗಂಟೆಗೆ ಬೆಲ್ ಆಯಿತು. ಬಾಗಿಲಲ್ಲಿ ಅಜ್ಜಿ, ಕೈಯಲ್ಲಿ ಬೇಯಿಸಿದ ಕುಂಬಳಕಾಯಿ ಡಬ್ಬಿ. ಪಾಪ, ನನಗೆ ಹಸಿವಾಗಿದೆ ಅಂದುಕೊಂಡಿದ್ದರು.