ಬೆಳಗ್ಗೆ 33, ಸಂಜೆ 36

‘ಸಾರ್, ನೀವು ತಿನ್ನೋದೇ ಸಾಲ್ದು.’

ನನ್ನ 42 ವರ್ಷದ ಬಾಳಿನಲ್ಲಿ ಈ ಮಾತು ಹೇಳಿದವರು ಇಬ್ಬರೇ. ಒಬ್ಬರು ನಮ್ಮಜ್ಜಿ. ಇನ್ನೊಬ್ಬ ಜಿಮ್ಮಿನ ಟ್ರೈನರ್ ಹುಡುಗ. ಅಜ್ಜಿ ಹೇಳುವಾಗ ನನ್ನ ಬಾಯಲ್ಲಿ ಹೋಳಿಗೆ ಇರುತ್ತಿತ್ತು. ಈ ಹುಡುಗ ಹೇಳುವಾಗ ಕೈಯಲ್ಲಿ ಡಂಬೆಲ್ ಇತ್ತು. ಖುಷಿಗೆ ಅದನ್ನು ಕಾಲ ಮೇಲೆ ಹಾಕಿಕೊಳ್ಳುವುದೊಂದು ಬಾಕಿ.

ಹಾಗೆ ನೋಡಿದರೆ ನಾನು ಫಿಟ್ಟೇ. ಮೈಸೂರಿನವನು, ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ. ನಂದಿಯ ಹತ್ತಿರ ಬೇರೆಯವರು ಫೋಟೋ ತೆಗೆಯಲು ನಿಲ್ಲುತ್ತಾರೆ, ನಾನು ಉಸಿರು ಎಳೆದುಕೊಳ್ಳಲು ನಿಲ್ಲುತ್ತೇನೆ. ಅಷ್ಟೇ ವ್ಯತ್ಯಾಸ. ತೂಕ 64 ಕೆಜಿ. ‘ಮಸಲ್ ಬರಬೇಕು ಅಂದ್ರೆ ಕೆಜಿಗೆ 1.6 ಗ್ರಾಂ ಪ್ರೋಟೀನ್ ಬೇಕು ಸಾರ್’ ಅಂದ. ಲೆಕ್ಕ ಹಾಕಿದೆ. ದಿನಕ್ಕೆ 102 ಗ್ರಾಂ! ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಅಂತೆ. ಅಂದರೆ 17 ಮೊಟ್ಟೆ. ನಮ್ಮ ಮನೆಗೆ ಮೊಟ್ಟೆ ಬರಬೇಕಾದರೆ ಕೇಕಿನೊಳಗೆ ವೇಷ ಮರೆಸಿಕೊಂಡೇ ಬರಬೇಕು. ಉಳಿದದ್ದು ಕಾಳು. ನೂರು ಗ್ರಾಂ ಹುರುಳಿಯಲ್ಲಿ 22 ಗ್ರಾಂ. ಹಾಗಾದರೆ ದಿನಕ್ಕೆ ಹೆಚ್ಚುಕಡಿಮೆ ಅರ್ಧ ಕೆಜಿ ಹುರುಳಿ. ಅದು ಟಾಂಗಾ ಕುದುರೆಯ ಲೆಕ್ಕ.

ಅಷ್ಟು ಆಗಲಿಲ್ಲ ಬಿಡಿ. ಆದರೂ ಬೆಳಗ್ಗೆ ಹೆಸರುಕಾಳು, ಮಧ್ಯಾಹ್ನ ಕಡಲೆಕಾಳು ಉಸಲಿ, ರಾತ್ರಿ ಮುದ್ದೆ ಜೊತೆ ಹುರುಳಿಕಾಳು ಸಾರು. ತಿಂಗಳು ಬೇರೆ ಡಿಸೆಂಬರ್. ಸೊಗಡಿನ ಅವರೆಕಾಯಿ ಬಂದಿರುವಾಗ ಹಿದುಕಿದ ಬೇಳೆ ಸಾರು ಬೇಡ ಅನ್ನುವಷ್ಟು ಕೆಟ್ಟವನು ನಾನಲ್ಲ.

ಮೂರನೇ ವಾರ ತೂಕ 66.5. ಎರಡೂವರೆ ಕೆಜಿ ಮಸಲ್ ಅಂತ ಅಂಗಿ ಬಿಚ್ಚಿ ಕನ್ನಡಿ ಮುಂದೆ ನಿಂತೆ. ಮಸಲ್ ಇತ್ತು. ಒಂದೇ ಒಂದು, ದುಂಡಗೆ, ಹೊಕ್ಕುಳಿನ ಸುತ್ತ.

ಟ್ರೈನರ್ ತಲೆ ಕೆಡಿಸಿಕೊಳ್ಳಲಿಲ್ಲ. ‘ವಾಟರ್ ವೆಯಿಟ್ ಸಾರ್’ ಅಂದ. ಜಾಸ್ತಿ ತಿಂದರೆ ಅನ್ನ, ಮುದ್ದೆಯ ಪಿಷ್ಟವೆಲ್ಲ ಗ್ಲೈಕೋಜನ್ ಆಗಿ ಸ್ನಾಯುಗಳಲ್ಲಿ ಕೂರುತ್ತದಂತೆ. ಅದು ಒಂಟಿಯಾಗಿ ಬರುವುದಿಲ್ಲ. ಒಂದು ಗ್ರಾಂ ಬಂದರೆ ಜೊತೆಗೆ ಮೂರು ಗ್ರಾಂ ನೀರು. ಒಬ್ಬರಿಗೆ ಅಕ್ಷತೆ ಕೊಟ್ಟು ಕರೆದರೆ ಮನೆಮಂದಿಯೆಲ್ಲ ಊಟಕ್ಕೆ ಬರ್ತಾರಲ್ಲ, ಹಾಗೆ.

ನೀರಿನ ಕಥೆ ಸರಿ. ಆದರೆ ನೀರು ಗುಡುಗುಟ್ಟುವುದಿಲ್ಲವಲ್ಲ? ನನ್ನ ಹೊಟ್ಟೆ ಬೆಳಗ್ಗೆ ಚಪ್ಪಟೆಯಾಗಿರುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಬೆಲ್ಟಿನ ಒಂದು ತೂತು, ಐದಕ್ಕೆ ಇನ್ನೊಂದು. ಮೀಟಿಂಗಿನಲ್ಲಿ ಎಲ್ಲರೂ ಸುಮ್ಮನಿದ್ದಾಗ ಒಳಗಿನಿಂದ ಯಾರೋ ಬೆಂಚು ಎಳೆದ ಹಾಗೆ ಸದ್ದು. ನಾನು ಕುರ್ಚಿಯ ಕಡೆ ಸಿಟ್ಟಿನಿಂದ ನೋಡುತ್ತಿದ್ದೆ.

ಮಾನ ಹೋಗಿದ್ದು ಪಾರ್ಕಿನ ಯೋಗ ತರಗತಿಯಲ್ಲಿ. ಹಿಂದಿನ ರಾತ್ರಿ ಹುರುಳಿಕಾಳು ಸಾರು, ಎರಡನೇ ಸಲ ಬಡಿಸಿಕೊಂಡಿದ್ದೆ. ಬೆಳಗ್ಗೆ ಆರಕ್ಕೆ ಹಕ್ಕಿ ಕೂಗು ಬಿಟ್ಟರೆ ಬೇರೆ ಸದ್ದಿಲ್ಲ. ಸುತ್ತ ಇಪ್ಪತ್ತು ಮಂದಿ, ಬಹುಪಾಲು ಪೆನ್ಷನ್‌ದಾರರು. ಗುರುಗಳು ‘ಈಗ ಪವನಮುಕ್ತಾಸನ’ ಅಂದರು. ಮಂಡಿ ಮಡಚಿ ಎದೆಗೆ ಒತ್ತಿಕೊಂಡೆ. ಆ ಆಸನಕ್ಕೆ ಹೆಸರಿಟ್ಟವರು ಸುಳ್ಳು ಹೇಳಿಲ್ಲ. ಹಕ್ಕಿಗಳೂ ಒಂದು ಕ್ಷಣ ಸುಮ್ಮನಾದವು. ಮುಂದಿನ ಸಾಲಿನ ನಿವೃತ್ತ ಮೇಷ್ಟ್ರು ಕಣ್ಣು ಬಿಡದೆಯೇ, ‘ಯಾರೋ ಒಬ್ಬರು ಸರಿಯಾಗಿ ಮಾಡ್ತಿದಾರೆ’ ಅಂದರು.

ಮನೆಗೆ ಬಂದವನು ಅಮ್ಮನ ಹತ್ತಿರ ಹೇಳಿಕೊಂಡೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. ‘ಕಾಳು ನೆನೆಸಿದ ನೀರು ಏನು ಮಾಡ್ತೀಯ?’

‘ಅದರಲ್ಲೇ ಬೇಯಿಸ್ತೀನಿ. ಸತ್ವ ಎಲ್ಲಾ ಅದರಲ್ಲೇ ಇರುತ್ತಂತೆ.’

‘ಅದರಲ್ಲಿರೋದು ಸತ್ವ ಅಲ್ಲ ಕಣೋ, ವಾಯು. ಚೆಲ್ಲು.’

ಹುಡುಕಿ ಓದಿದೆ. ಅಮ್ಮ ಹೇಳಿದ್ದೇ ಬೇರೆ ಭಾಷೆಯಲ್ಲಿತ್ತು. ಕಾಳಿನಲ್ಲಿ ರಾಫಿನೋಸ್, ಸ್ಟಾಕಿಯೋಸ್ ಅಂತ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ನಮ್ಮ ಕರುಳಿನಲ್ಲಿ ಇಲ್ಲ. ಹಾಗಾಗಿ ಅವು ಇದ್ದ ಹಾಗೇ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿ ಬಾಡಿಗೆ ಕೊಡದೆ ಬೀಡುಬಿಟ್ಟಿರುವ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿಗೆ ಅದೇ ಹಬ್ಬದೂಟ. ಅವು ಉಂಡು ತೇಗಿದ್ದು ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್. ಕಾಳು ನೆನೆಸಿದರೆ ಈ ಸಕ್ಕರೆ ಒಂದಷ್ಟು ನೀರಿಗೆ ಬಿಡುತ್ತದೆ, ಮೊಳಕೆ ಬಂದರೆ ಇನ್ನಷ್ಟು ಕಮ್ಮಿಯಾಗುತ್ತದೆ. ನಾನು ಆ ನೀರನ್ನು ಒಂದು ತೊಟ್ಟೂ ಬಿಡದೆ ಕುಡಿಯುತ್ತಿದ್ದೆ. ಅಂತೂ ಬಡಪಾಯಿ ಹೊಟ್ಟೆಗೆ ನೀರಿನ ಕನೆಕ್ಷನ್ ಜೊತೆ ಗ್ಯಾಸ್ ಕನೆಕ್ಷನ್ನೂ ಸಿಕ್ಕಿತ್ತು.

ಈಗ ನೀರು ಚೆಲ್ಲುತ್ತೇನೆ. ಇಂಗು, ಶುಂಠಿ ಅಮ್ಮನ ಕೈಯಳತೆಯಲ್ಲಿ ಬೀಳುತ್ತವೆ. ಎರಡು ತುತ್ತು ಕಾಳು ಕಮ್ಮಿ, ಒಂದು ಲೋಟ ಮಜ್ಜಿಗೆ ಜಾಸ್ತಿ. ಸದ್ದಡಗಿದೆ. ತೋಳಿನಲ್ಲಿ ಏನೋ ಸಣ್ಣಗೆ ಉಬ್ಬಿದೆ ಕೂಡ. ಹೆಂಡತಿ ಸೊಳ್ಳೆ ಕಚ್ಚಿದ್ದು ಅನ್ನುತ್ತಾಳೆ. ಆದರೆ ಹೊಟ್ಟೆ ಮಾತ್ರ ಸಂಜೆಯ ಅಭ್ಯಾಸವನ್ನು ಪೂರ್ತಿ ಬಿಟ್ಟಿಲ್ಲ.

ಬಾಮೈದನ ಮದುವೆಗೆ ಪ್ಯಾಂಟು ಹೊಲಿಸಬೇಕಿತ್ತು. ಸಂಜೆ ಆಫೀಸಿನಿಂದ ಹಾಗೇ ಟೈಲರ್ ಅಂಗಡಿಗೆ ಹೋದೆ. ಟೇಪು ಸುತ್ತಿ 36 ಅಂದ. ನಾನು ಒಪ್ಪಲಿಲ್ಲ. ಮರುದಿನ ಬೆಳಗ್ಗೆ ಬರೀ ಹೊಟ್ಟೆಯಲ್ಲಿ ಹೋಗಿ ನಿಂತೆ. 33. ಅವನು ಟೇಪನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದ. ಆಮೇಲೆ ಪೆನ್ಸಿಲ್ ಕಿವಿಯಿಂದ ತೆಗೆದು ಬಹಳ ಗಂಭೀರವಾಗಿ ಕೇಳಿದ:

‘ಮುಹೂರ್ತ ಎಷ್ಟು ಗಂಟೆಗೆ ಸಾರ್?’

‘ಬೆಳಗ್ಗೆ ಒಂಬತ್ತೂವರೆ. ಆರತಕ್ಷತೆ ಹಿಂದಿನ ದಿನ ಸಂಜೆ.’

ಅವನು ತಲೆಯಾಡಿಸಿ, ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಎರಡು ಪ್ಯಾಂಟು ಬರೆದುಕೊಂಡ.