ರಾಟರ್‌ಡ್ಯಾಮ್‌ನ ಆ ರಾತ್ರಿಯನ್ನು ಅದೃಷ್ಟ ಎನ್ನಬೇಡಿ

ಕಳೆದ ಭಾನುವಾರ ಮೈಸೂರಿನಿಂದ ಅಣ್ಣನ ಮಗ ಫೋನ್ ಮಾಡಿದ್ದ. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ಚಿಕ್ಕಂದಿನಿಂದಲೂ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ಎಂದರೆ ಪ್ರಾಣ. ವಾರದ ಪಂದ್ಯಗಳು ಮುಗಿದ ಮೇಲೆ ನಾವಿಬ್ಬರೂ ಅರ್ಧ ಗಂಟೆ ಹರಟುವುದು ರೂಢಿ. ಮಾತಿನ ನಡುವೆ, "ಚಿಕ್ಕಪ್ಪ, ನಿಮ್ಮ ಆ್ಯಸ್ಟನ್ ವಿಲ್ಲಾ ಯುರೋಪಿಯನ್ ಕಪ್ ಗೆದ್ದ ಗೋಲನ್ನು ಕೊನೆಗೂ ನೋಡಿದೆ. ಚೆಂಡು ಕಣಕಾಲಿಗೆ ತಾಗಿ, ಕಂಬಕ್ಕೆ ಬಡಿದು ಒಳಗೆ ಹೋಗಿದೆ. ಆಟವೆಲ್ಲ ಬಯರ್ನ್ ಮ್ಯೂನಿಕ್‌ನದೇ. ಅದೃಷ್ಟ, ಬಿಡಿ" ಎಂದ. ಅವನು ಹೇಳಿದ್ದು 1982ರ ಫೈನಲ್ ಬಗ್ಗೆ. ಯುರೋಪಿನ ದೇಶಗಳ ಚಾಂಪಿಯನ್ ಕ್ಲಬ್ಬುಗಳು ಸೆಣಸುತ್ತಿದ್ದ ಯುರೋಪಿಯನ್ ಕಪ್ಪೇ ಈಗಿನ ಚಾಂಪಿಯನ್ಸ್ ಲೀಗ್, ಬಯರ್ನ್ ಜರ್ಮನಿಯ ಕ್ಲಬ್. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ, ನನಗೆ ಗೊತ್ತು. ಆದರೂ ಆ 'ಬಿಡಿ' ಎನ್ನುವುದು ಮುಳ್ಳಿನಂತೆ ಚುಚ್ಚಿತು. ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನೂ ಓದಲಿ, ಅವನಂತೆ ಯೋಚಿಸುವವರೂ ಓದಲಿ.

ಆ ರಾತ್ರಿ ನಾನು ಇನ್ನೂ ಹುಟ್ಟಿರಲಿಲ್ಲ. ಹದಿನೈದು ವರ್ಷದ ಹಿಂದೆ ಕೆಲಸಕ್ಕೆಂದು ಬರ್ಮಿಂಗ್‌ಹ್ಯಾಮ್‌ಗೆ ಬಂದಾಗ ನಮಗೆ ಸಿಕ್ಕ ಬಾಡಿಗೆ ಮನೆ ವಿಟನ್‌ನಲ್ಲಿ, ಆ್ಯಸ್ಟನ್ ವಿಲ್ಲಾದ ತವರು ಕ್ರೀಡಾಂಗಣ ವಿಲ್ಲಾ ಪಾರ್ಕ್‌ಗೆ ಹತ್ತು ನಿಮಿಷದ ನಡಿಗೆ. ಪಕ್ಕದ ಮನೆಯವರು ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು. ನನ್ನ ಮಗಳು ಮಾತು ಕಲಿತ ದಿನದಿಂದ ಅವರನ್ನು ತಾತ ಎಂದೇ ಕರೆಯುತ್ತಾಳೆ. ಅವರೂ ಆ ಕನ್ನಡ ಪದಕ್ಕೆ ಓಗೊಡುತ್ತಾರೆ. ಹಾಗಾಗಿ ನನಗೂ ಅವರು ತಾತ.

1982ರ ಮೇ 26, ಬುಧವಾರ. ತಾತ ತಮ್ಮನ ಜೊತೆ ಬಸ್ಸಿನಲ್ಲಿ, ಆಮೇಲೆ ಹಡಗಿನಲ್ಲಿ ಸಮುದ್ರ ದಾಟಿ ಹಾಲೆಂಡ್‌ನ ರಾಟರ್‌ಡ್ಯಾಮ್‌ಗೆ ಹೋಗಿದ್ದರು. ತಮ್ಮ ಈಗಿಲ್ಲ. ಆ ಪಂದ್ಯದ ಗೋಲನ್ನು ತಾತ ವಿವರಿಸುವ ರೀತಿ ಒಂದೇ. ಅಡುಗೆಮನೆಯ ಕುರ್ಚಿಯಲ್ಲಿ ಕುಳಿತು ಬಲಗಾಲಿನ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚುತ್ತಾರೆ. ಬಿಳಿಚಿಕೊಂಡ ಚರ್ಮ, ನೀಲಿ ನರಗಳು, ಕಾರ್ಖಾನೆಯ ಕಾಲದ ಒಂದು ಹಳೆಯ ಗಾಯದ ಗುರುತು. ಕಣಕಾಲಿನ ಮೂಳೆಯ ಮೇಲೆ ಎರಡು ಬೆರಳಿನಿಂದ ಟಕ್ ಟಕ್ ಎಂದು ಬಡಿದು, "ಇಲ್ಲಿ. ಚೆಂಡು ಬಡಿದದ್ದು ಇಲ್ಲಿ" ಎನ್ನುತ್ತಾರೆ. ಆಮೇಲೆ ತುಸು ಹೊತ್ತು ಮಾತೇ ಇಲ್ಲ. ಚೆಂಡು ತಮ್ಮ ಕಾಲಿಗೇ ತಾಗಿತ್ತೇನೋ ಎಂಬಂತೆ ಅದೇ ಜಾಗವನ್ನು ಸವರುತ್ತಿರುತ್ತಾರೆ.

ಹೌದು, ಚೆಂಡು ಕಣಕಾಲಿಗೇ ತಾಗಿತು. ಪಂದ್ಯದ 67ನೇ ನಿಮಿಷ. ಗ್ಯಾರಿ ಶಾ ಎಡಬದಿಯಲ್ಲಿ ತಿರುಗಿ ಚೆಂಡನ್ನು ಟೋನಿ ಮೋರ್ಲಿಗೆ ದಾಟಿಸಿದರು. ಮೋರ್ಲಿ ಎದುರಿದ್ದ ರಕ್ಷಣಾ ಆಟಗಾರನನ್ನು ಅತ್ತಿತ್ತ ತಿರುಗಿಸಿ ಕಂಗೆಡಿಸಿ, ಗೋಲಿನ ಮುಂದೆ ನೆಲಮಟ್ಟದಲ್ಲಿ ಚೆಂಡು ಕೊಟ್ಟರು. ಅಲ್ಲಿದ್ದವರು ಪೀಟರ್ ವಿದ್. ಚೆಂಡು ಕೊನೆಯ ಗಳಿಗೆಯಲ್ಲಿ ಪುಟಿದು ಅವರ ಕಾಲಿನ ಮೂಳೆಗೆ ಬಡಿಯಿತು, ಕಂಬಕ್ಕೆ ತಾಗಿ ಒಳಗೆ ಹೋಯಿತು. ಬ್ರಯಾನ್ ಮೂರ್ ಟಿವಿಯಲ್ಲಿ ಆ ಕ್ಷಣಕ್ಕೆ ನೀಡಿದ ವೀಕ್ಷಕ ವಿವರಣೆಯನ್ನು ವಿಲ್ಲಾ ಪಾರ್ಕ್‌ನ ಉತ್ತರ ಸ್ಟ್ಯಾಂಡಿನ ಉದ್ದಕ್ಕೂ ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದರು. ಅದರಲ್ಲಿ ವರ್ಣನೆ ಎಂಬುದೇ ಇಲ್ಲ ಎನ್ನಬಹುದು, ಹೆಚ್ಚುಕಡಿಮೆ ಬರೀ ಹೆಸರುಗಳು. ಶಾ, ವಿಲಿಯಮ್ಸ್, ಮೋರ್ಲಿ, ಕೊನೆಗೆ ವಿದ್. ನಾನು ಮೊದಲ ಸಲ ಅದನ್ನು ಓದಿದಾಗ ನನಗೆ ಆ ನಾಲ್ವರೂ ಅಪರಿಚಿತರು. ಆದರೂ ಮೈ ಜುಮ್ಮೆಂದಿತ್ತು.

ಈಗ ಅದೃಷ್ಟದ ಮಾತಿಗೆ ಬರುತ್ತೇನೆ. ಅಣ್ಣನ ಮಗ 67ನೇ ನಿಮಿಷವನ್ನು ನೋಡಿದ್ದಾನೆ. ಅವನು ನೋಡಬೇಕಾದದ್ದು ಒಂಬತ್ತನೆಯ ನಿಮಿಷವನ್ನು.

ಫೈನಲ್ ಶುರುವಾಗಿ ಒಂಬತ್ತು ನಿಮಿಷವಾಗಿತ್ತು, ಅಷ್ಟೆ. ವಿಲ್ಲಾದ ಗೋಲ್‌ಕೀಪರ್ ಜಿಮ್ಮಿ ರಿಮ್ಮರ್ ನೋವು ತಾಳಲಾರದೆ ಮೈದಾನದಿಂದ ಹೊರಗೆ ನಡೆದರು. ಹಿಂದಿನ ಋತುವಿನಲ್ಲಿ ಲೀಗ್‌ನ 42 ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸದ ಅನುಭವಿ ಅವರು. ಅವರ ಜಾಗಕ್ಕೆ ಬಂದವರು ನೈಜೆಲ್ ಸ್ಪಿಂಕ್, ವಯಸ್ಸು 23. ಚೆಲ್ಮ್ಸ್‌ಫರ್ಡ್ ಎಂಬ ಊರಿನ ಸಣ್ಣ ಕ್ಲಬ್ಬಿನಲ್ಲಿ ಆಡಿಕೊಂಡು ಗಾರೆ ಕೆಲಸ ಕಲಿಯುತ್ತಿದ್ದ ಹುಡುಗನನ್ನು ವಿಲ್ಲಾ 1977ರಲ್ಲಿ ಕರೆತಂದಿತ್ತು. ಐದು ವರ್ಷಗಳಲ್ಲಿ ಮೊದಲ ತಂಡಕ್ಕೆ ಅವರು ಆಡಿದ್ದು ಒಂದೇ ಒಂದು ಪಂದ್ಯ, 1979ರ ಡಿಸೆಂಬರ್‌ನಲ್ಲಿ. ಎರಡನೆಯ ಪಂದ್ಯ ನೇರವಾಗಿ ಯುರೋಪಿಯನ್ ಕಪ್ ಫೈನಲ್!

ಎದುರಿಗೆ ಯಾರಿದ್ದರು? 1980 ಮತ್ತು 1981ರಲ್ಲಿ ಸತತವಾಗಿ ಯುರೋಪಿನ ವರ್ಷದ ಆಟಗಾರ ಎನಿಸಿಕೊಂಡ ಕಾರ್ಲ್ ಹೈಂಜ್ ರುಮೆನಿಗೆ. 1974ರ ವಿಶ್ವಕಪ್ ಫೈನಲ್‌ನಲ್ಲಿ ಗೋಲು ಹೊಡೆದ ಪಾಲ್ ಬ್ರೈಟ್ನರ್. ಆಗಲೇ ಮೂರು ಸಲ ಈ ಕಪ್ ಗೆದ್ದಿದ್ದ ಕ್ಲಬ್. ಬಯರ್ನ್ ಅಲೆ ಅಲೆಯಾಗಿ ಮುನ್ನುಗ್ಗಿದ್ದು ನಿಜ, ಆ ಮಾತಿಗೆ ನನ್ನ ತಕರಾರಿಲ್ಲ. ಆದರೆ ಒಂಬತ್ತನೇ ನಿಮಿಷದಿಂದ ಕೊನೆಯವರೆಗೆ ಆ ಅಲೆಗಳೆಲ್ಲ ಬಡಿದದ್ದು ಈ ಹುಡುಗನಿಗೆ. ಒಂದೂ ಒಳಗೆ ಹೋಗಲಿಲ್ಲ. ಕೊನೆಯ ನಿಮಿಷಗಳಲ್ಲಿ ಬಯರ್ನ್‌ನ ಡೀಟರ್ ಹೋನೆಸ್ ಚೆಂಡನ್ನು ಬಲೆಗೆ ಸೇರಿಸಿದಾಗ, ಗೋಲು ಲೆಕ್ಕಕ್ಕಿಲ್ಲ ಎನ್ನುವ ಆಫ್‌ಸೈಡ್ ಧ್ವಜ ಮೇಲೆದ್ದಿತ್ತು. ತಾತನ ತಮ್ಮ ಆಗ ಕಣ್ಣು ಮುಚ್ಚಿಕೊಂಡಿದ್ದವರು ಧ್ವಜವನ್ನು ನೋಡಲೇ ಇಲ್ಲವಂತೆ. ಗೋಲು ಆಯಿತೆಂದೇ ತಿಳಿದು ಅಳುತ್ತಿದ್ದರಂತೆ.

ನನಗೆ ಆ ಇಡೀ ಕತೆಯಲ್ಲಿ ಹೆಚ್ಚು ಕಾಡುವವರು ಸ್ಪಿಂಕ್ ಕೂಡ ಅಲ್ಲ, ರಿಮ್ಮರ್. 1968ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಇದೇ ಕಪ್ ಗೆದ್ದಾಗ ಬದಲಿ ಗೋಲ್‌ಕೀಪರ್ ಆಗಿ ಬೆಂಚಿನ ಮೇಲೆ ಕುಳಿತಿದ್ದವರು ಇದೇ ರಿಮ್ಮರ್. ಅಣ್ಣನ ಮಗನಿಗೆ ಇದು ಗೊತ್ತಿರಲಿಲ್ಲ, ಅವನದೇ ಕ್ಲಬ್ಬಿನ ಚರಿತ್ರೆ. ಎರಡು ಫೈನಲ್, ಎರಡೂ ಗೆಲುವು, ಎರಡೂ ಸೇರಿ ಮೈದಾನದಲ್ಲಿ ಕಳೆದದ್ದು ಒಂಬತ್ತು ನಿಮಿಷ. ಅವರನ್ನು ಮರೆತರೆ ಈ ಕಪ್ಪಿನ ಕತೆ ಅರ್ಧವೇ.

ಇನ್ನು ಲೆಕ್ಕಕ್ಕೆ ಬನ್ನಿ. ಆ ವರ್ಷ ಯುರೋಪಿನಲ್ಲಿ ವಿಲ್ಲಾ ಆಡಿದ್ದು ಒಂಬತ್ತು ಪಂದ್ಯ. ಬಿಟ್ಟುಕೊಟ್ಟ ಗೋಲುಗಳು ಒಟ್ಟು ಎರಡು, ಎರಡೂ ಪೂರ್ವ ಜರ್ಮನಿಯ ಡೈನಮೊ ಬರ್ಲಿನ್‌ಗೆ. ಐಸ್‌ಲ್ಯಾಂಡ್‌ನ ವಾಲುರ್ ತಂಡದ ಮೇಲಿನ ಗೆಲುವು ಸುಲಭದ್ದೇ ಇರಬಹುದು. ಆದರೆ ಬರ್ಲಿನ್‌ಗೆ ಹೋಗಿ ಮೋರ್ಲಿಯ ಎರಡು ಗೋಲುಗಳಿಂದ ಗೆದ್ದು ಬಂದು, ತವರಿನಲ್ಲಿ ಸೋತರೂ ಹೊರಗಿನ ಗೋಲುಗಳ ನಿಯಮದಲ್ಲಿ (ಎರಡೂ ಪಂದ್ಯ ಸೇರಿ ಗೋಲು ಸಮನಾದರೆ ಎದುರಾಳಿಯ ಮೈದಾನದಲ್ಲಿ ಹೆಚ್ಚು ಹೊಡೆದವರಿಗೆ ಗೆಲುವು) ಉಳಿದುಕೊಂಡರು. ಡೈನಮೊ ಕೀವ್ ವಿರುದ್ಧ ಮಾರ್ಚ್‌ನ ಚಳಿಯಲ್ಲಿ ಕ್ರಿಮಿಯಾದ ಸಿಂಫೆರೊಪೋಲ್‌ವರೆಗೆ ಹೋಗಿ ಗೋಲಿಲ್ಲದ ಡ್ರಾ ಮಾಡಿಕೊಂಡು ಬಂದರು, ವಿಲ್ಲಾ ಪಾರ್ಕ್‌ನಲ್ಲಿ ಶಾ ಮತ್ತು ಕೆನ್ ಮೆಕ್‌ನಾಟ್ ಗೋಲು ಹೊಡೆದು ಮುಗಿಸಿದರು. ಸೆಮಿಫೈನಲ್‌ನಲ್ಲಿ ಬೆಲ್ಜಿಯಂನ ಆಂಡರ್ಲೆಕ್ಟ್‌ಗೆ ಎರಡು ಪಂದ್ಯಗಳಲ್ಲೂ ಒಂದೇ ಒಂದು ಗೋಲು ಕೊಡಲಿಲ್ಲ. ಅದೃಷ್ಟ ಒಂದು ಸಂಜೆ ಕೈ ಹಿಡಿಯಬಹುದು. ಸೆಪ್ಟೆಂಬರ್‌ನಿಂದ ಮೇ ತನಕ ಗೋಲಿನ ಮುಂದೆ ಕಾವಲು ನಿಲ್ಲುವುದಿಲ್ಲ.

ಈ ಕಾವಲನ್ನು ಕಟ್ಟಿದವರು ಮ್ಯಾನೇಜರ್ ರಾನ್ ಸಾಂಡರ್ಸ್. ನಗದ ಮನುಷ್ಯ, ಕಟ್ಟುನಿಟ್ಟು. 1980-81ರಲ್ಲಿ ಇಡೀ ಲೀಗ್ ಋತುವನ್ನು ಬರೀ 14 ಆಟಗಾರರಿಂದ ಆಡಿಸಿ, 1910ರ ನಂತರ ಮೊದಲ ಬಾರಿಗೆ ವಿಲ್ಲಾವನ್ನು ಇಂಗ್ಲೆಂಡಿನ ಚಾಂಪಿಯನ್ ಮಾಡಿದರು. ಆ 14 ಜನರಲ್ಲಿ ಏಳು ಮಂದಿ ಎಲ್ಲ 42 ಪಂದ್ಯಗಳನ್ನೂ ಆಡಿದ್ದರು. ಈಗಿನ ಕ್ಲಬ್ಬುಗಳು ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಆಟಗಾರರನ್ನು ಇಳಿಸುತ್ತವೆ. ಆದರೆ ರಾಟರ್‌ಡ್ಯಾಮ್‌ನಲ್ಲಿ ಸಾಂಡರ್ಸ್ ಇರಲಿಲ್ಲ. ಒಪ್ಪಂದದ ವಿಚಾರದಲ್ಲಿ ಆಡಳಿತದೊಂದಿಗೆ ಮನಸ್ತಾಪ ಬಂದು 1982ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟು ಹೊರಟಿದ್ದರು. ಹೋದದ್ದು ಎಲ್ಲಿಗೆ? ಅದೇ ಊರಿನ ಎದುರಾಳಿ ಬರ್ಮಿಂಗ್‌ಹ್ಯಾಮ್ ಸಿಟಿಗೆ. ಉಳಿದ ಋತುವನ್ನು ನಡೆಸಿದವರು ಅವರ ಸಹಾಯಕರಾಗಿದ್ದ ಟೋನಿ ಬಾರ್ಟನ್. ಕಪ್ ಎತ್ತುವ ಹೊತ್ತಿಗೆ ಬಾರ್ಟನ್ ಮ್ಯಾನೇಜರ್ ಆಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ. ಮನೆ ಕಟ್ಟಿದವನು ಗೃಹಪ್ರವೇಶಕ್ಕೆ ಇಲ್ಲದಂತೆ ಎನ್ನುತ್ತೇವಲ್ಲ, ಸಾಂಡರ್ಸ್‌ಗೆ ಆದದ್ದು ಅದೇ. ನನ್ನ ಅಭಿಪ್ರಾಯದಲ್ಲಿ ಕಪ್ ಇಬ್ಬರದ್ದು. ತಾತ ಒಪ್ಪುವುದಿಲ್ಲ. ಬಿಟ್ಟು ಹೋದವರನ್ನು, ಅದೂ ಆ ಕ್ಲಬ್ಬಿಗೆ ಹೋದವರನ್ನು ಕ್ಷಮಿಸಲು ಅವರಿಗೆ ಬಹಳ ವರ್ಷ ಬೇಕಾಯಿತು. 2019ರಲ್ಲಿ ಸಾಂಡರ್ಸ್ ತೀರಿಕೊಂಡ ದಿನ ಮಾತ್ರ ಸಂಜೆಯಿಡೀ ತಮ್ಮ ಹಳೆಯ ಸ್ಕಾರ್ಫ್ ಹೊದ್ದುಕೊಂಡು ಬಾಗಿಲಲ್ಲಿ ಕುಳಿತಿದ್ದರು.

ಗ್ಯಾರಿ ಶಾ ಬಗ್ಗೆ ಹೇಳದೆ ಮುಗಿಸಲಾರೆ. ಆ ಹನ್ನೊಂದು ಮಂದಿಯಲ್ಲಿ ಬರ್ಮಿಂಗ್‌ಹ್ಯಾಮ್‌ನ ಮಣ್ಣಿನಲ್ಲೇ ಹುಟ್ಟಿ ಬೆಳೆದವರು ಅವರೊಬ್ಬರೇ. ಹೊಂಬಣ್ಣದ ಕೂದಲು, ಎದುರಾಳಿಗೆ ಬೆನ್ನು ಕೊಟ್ಟು ನಿಂತೇ ಚೆಂಡನ್ನು ತಿರುಗಿಸುವ ಚಳಕ. ಲೀಗ್ ಗೆದ್ದ ವರ್ಷ ವಿದ್ 20 ಗೋಲು, ಶಾ 18. ಒಬ್ಬರು ಗಟ್ಟಿ ಮೈಯವರು, ಇನ್ನೊಬ್ಬರು ಹಗುರ ಕಾಲಿನವರು. ಒಬ್ಬರ ತಲೆಗೆ ಸಿಕ್ಕ ಚೆಂಡು ಇನ್ನೊಬ್ಬರ ಕಾಲಿಗೆ. 1981ರಲ್ಲಿ ಇಂಗ್ಲೆಂಡಿನ ವರ್ಷದ ಯುವ ಆಟಗಾರ ಎಂದು ಸಹ ಆಟಗಾರರೇ ಶಾ ಅವರನ್ನು ಆರಿಸಿದ್ದರು. ಕಪ್ ಗೆದ್ದಾಗ ಅವರಿಗೆ 21. ಮರು ವರ್ಷವೇ ಮೊಣಕಾಲು ಕೈಕೊಟ್ಟಿತು. ಶಸ್ತ್ರಚಿಕಿತ್ಸೆಗಳಾದವು, ಮತ್ತೆ ಆಡಿದರು, ಆದರೆ ಆ ಹಳೆಯ ಶಾ ಮರಳಲಿಲ್ಲ. ಇಂಗ್ಲೆಂಡ್ ತಂಡಕ್ಕೆ ಅವರು ಒಂದು ಪಂದ್ಯವನ್ನೂ ಆಡಲಿಲ್ಲ ಎಂಬುದನ್ನು ಇವತ್ತಿಗೂ ನನಗೆ ಒಪ್ಪಿಕೊಳ್ಳಲಾಗುತ್ತಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ, 63ನೇ ವಯಸ್ಸಿಗೆ, ತೀರಿಕೊಂಡರು.

ಅದಾಗಿ ಎರಡು ವಾರ ಕಳೆದಿತ್ತು. ಅಕ್ಟೋಬರ್ 2ರ ರಾತ್ರಿ ವಿಲ್ಲಾ ಪಾರ್ಕ್‌ಗೆ ಬಂದದ್ದು ಮತ್ತೆ ಬಯರ್ನ್ ಮ್ಯೂನಿಕ್. 1983ರ ಮಾರ್ಚ್‌ನಲ್ಲಿ ಯುವೆಂಟಸ್ ಬಂದು ಗೆದ್ದು ಹೋದ ಮೇಲೆ ಆ ಮೈದಾನದಲ್ಲಿ ಯುರೋಪಿನ ಈ ದೊಡ್ಡ ಕಪ್ಪಿನ ಪಂದ್ಯ ನಡೆದಿರಲಿಲ್ಲ. 41 ವರ್ಷ! ತಾತನಿಗೆ ಈಗ ಮೆಟ್ಟಿಲು ಹತ್ತಲು ಆಗುವುದಿಲ್ಲ. ನಮ್ಮ ಮನೆಯಲ್ಲೇ ಕುಳಿತು ನೋಡಿದೆವು. ಮೊದಲಾರ್ಧದಲ್ಲಿ ವಿಲ್ಲಾದ ಪಾವ್ ಟೊರೆಸ್ ಬಲೆ ಸೇರಿಸಿದ ಚೆಂಡು ಆಫ್‌ಸೈಡ್ ಎಂದು ರದ್ದಾಯಿತು. "ಅಂದು ಅವರಿಗೆ, ಇಂದು ನಮಗೆ" ಎಂದರು ತಾತ.

ನಮ್ಮ ಮನೆಯಲ್ಲಿ ಪಂದ್ಯ ಬರುವುದು ಇಂಟರ್ನೆಟ್ ಮೂಲಕ, ಹಾಗಾಗಿ ಚಿತ್ರ ಅರ್ಧ ನಿಮಿಷ ಹಿಂದೆ. ಕಿಟಕಿ ತುಸು ತೆರೆದಿತ್ತು. ಟಿವಿಯಲ್ಲಿ ಬಯರ್ನ್‌ನವರು ಮಧ್ಯದಲ್ಲಿ ಚೆಂಡು ದಾಟಿಸುತ್ತಿದ್ದರು, ಏನೂ ನಡೆಯುತ್ತಿರಲಿಲ್ಲ. ಅಷ್ಟರಲ್ಲಿ ಹೊರಗಿನಿಂದ, ಮನೆಗಳ ಸೂರುಗಳನ್ನು ದಾಟಿಕೊಂಡು, ಒಂದು ಸದ್ದು ಬಂತು. ಗುಡುಗಲ್ಲ, ಗುಡುಗಿಗಿಂತ ಉದ್ದ. ಕಿಟಕಿಯ ಗಾಜು ನಡುಗಿತು. ಮೊಣಕಾಲು ನೋವೆಂದು ಸಂಜೆಯಿಂದ ಕದಲದೆ ಕುಳಿತಿದ್ದ ತಾತ ಎದ್ದು ನಿಂತಿದ್ದರು. ಟಿವಿಯಲ್ಲಿ ಇನ್ನೂ ಏನೂ ಆಗಿಲ್ಲ! ನಾವಿಬ್ಬರೂ ನಿಂತುಕೊಂಡೇ ಕಾದೆವು. ಆಗ ಹಿಂದಿನಿಂದ ಪಾವ್ ಟೊರೆಸ್ ಉದ್ದಕ್ಕೆ ಒಂದು ಚೆಂಡು ಕಳಿಸಿದರು. ಬದಲಿ ಆಟಗಾರರಾಗಿ ಬಂದಿದ್ದ, ಕೊಲಂಬಿಯಾದ 20 ವರ್ಷದ ಜಾನ್ ಡುರಾನ್ ತಲೆಯೆತ್ತದೆ ದೂರದಿಂದಲೇ ಒದ್ದರು. ಗೋಲು ಬಿಟ್ಟು ಮುಂದೆ ಬಂದಿದ್ದ ಬಯರ್ನ್ ಗೋಲ್‌ಕೀಪರ್ ಮಾನ್ಯುಯೆಲ್ ನೊಯರ್ ಅವರ ತಲೆಯ ಮೇಲಿಂದ ಚೆಂಡು ಇಳಿಯಿತು. 79ನೇ ನಿಮಿಷ. ಕೊನೆಯಲ್ಲಿ ಬಯರ್ನ್‌ನ ಹ್ಯಾರಿ ಕೇನ್ ತಲೆಯಿಂದ ಹೊಡೆದದ್ದನ್ನು ವಿಲ್ಲಾದ ಗೋಲ್‌ಕೀಪರ್ ಎಮಿ ಮಾರ್ಟಿನೆಜ್ ತಡೆದರು. ಮತ್ತೆ ಅದೇ ಅಂಕ, 1-0. ಮತ್ತೆ ಒಬ್ಬ ಬದಲಿ ಆಟಗಾರ, ಮತ್ತೆ ಒಬ್ಬ ಗೋಲ್‌ಕೀಪರ್.

ಅಂದು ತಾತ ಕುಣಿಯಲಿಲ್ಲ. ನಿಂತಲ್ಲಿಂದಲೇ ಹನ್ನೊಂದು ಹೆಸರು ಹೇಳಿದರು. ಸ್ಪಿಂಕ್, ಸ್ವೇನ್, ವಿಲಿಯಮ್ಸ್, ಎವಾನ್ಸ್, ಮೆಕ್‌ನಾಟ್, ಮಾರ್ಟಿಮರ್, ಬ್ರೆಮ್ನರ್, ಶಾ, ವಿದ್, ಕವನ್ಸ್, ಮೋರ್ಲಿ. ಶಾ ಬಳಿ ಒಂದು ಕ್ಷಣ ನಿಂತು ಮುಂದೆ ಹೋದರು. ಮೋರ್ಲಿ ಆದ ಮೇಲೆ, ಹನ್ನೆರಡನೆಯದಾಗಿ, ರಿಮ್ಮರ್ ಹೆಸರನ್ನೂ ಸೇರಿಸಿದರು. ನನ್ನ ಮಗಳು ಆ ಪಟ್ಟಿಯನ್ನು ಈಗ ಮಗ್ಗಿಯಂತೆ ಒಪ್ಪಿಸುತ್ತಾಳೆ.

ಬರುವ ಬೇಸಿಗೆ ರಜೆಯಲ್ಲಿ ಅಣ್ಣನ ಮಗ ಇಲ್ಲಿಗೆ ಬರುತ್ತಿದ್ದಾನೆ. ಅವನು ಫೋನಿನಲ್ಲಿ ಹೇಳಿದ್ದನ್ನು ನಾನು ತಾತನಿಗೆ ಹೇಳಿಬಿಟ್ಟಿದ್ದೇನೆ. ಅವರು ಕೋಪಿಸಿಕೊಳ್ಳಲಿಲ್ಲ. ಹುಡುಗ ಚಹಾಕ್ಕೆ ಎಷ್ಟು ಚಮಚ ಸಕ್ಕರೆ ಹಾಕಿಕೊಳ್ಳುತ್ತಾನೆ ಎಂದು ಕೇಳಿದರು, ಆಮೇಲೆ ಅಡುಗೆಮನೆಯಲ್ಲಿ ತಮ್ಮ ಕುರ್ಚಿಯ ಎದುರಿಗೆ ಇನ್ನೊಂದು ಕುರ್ಚಿ ತಂದಿಟ್ಟರು.