ಸತ್ಯಾಂಶ: ಚಾಂಪಿಯನ್‌ಗಳಿಗೆ ಟೆನ್ಶನ್ನೇ ಆಗಲ್ವಾ?

"ನಿಜವಾದ ಚಾಂಪಿಯನ್‌ಗೆ ಟೆನ್ಶನ್ ಅನ್ನೋದೇ ಇರಲ್ಲ, ಕೈ ನಡುಗಿದ್ರೆ ಅವ್ನು ಆಟಕ್ಕೆ ಲಾಯಕ್ಕಿಲ್ಲ" ಅಂತ ಒಂದು ಮೆಸೇಜ್ ಗ್ರೂಪುಗಳಲ್ಲಿ ಓಡಾಡ್ತಿದೆ. ಇದು ತಪ್ಪು.

ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ನೋಡಿ. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಟೀಮ್ ಫೈನಲ್‌ನ ವಾಲ್ಟ್‌ನಲ್ಲಿ (ಓಡಿ ಬಂದು ಮೇಜಿನಂಥದ್ರ ಮೇಲೆ ಕೈಯೂರಿ ಹಾರೋದು) ಎರಡೂವರೆ ಸುತ್ತು ತಿರುಗ್ಬೇಕಿತ್ತು, ಗಾಳಿಯಲ್ಲಿ ದಿಕ್ಕೇ ಗೊತ್ತಾಗ್ದೆ ಒಂದೂವರೆಗೇ ನಿಂತ್ರು, ಅಲ್ಲಿಗೇ ಹಿಂದೆ ಸರಿದ್ರು, ಯಾಕಂದ್ರೆ ಆ ಸ್ಥಿತಿಯಲ್ಲಿ ಮತ್ತೆ ಹಾರಿದ್ರೆ ಕುತ್ತಿಗೆ ಮುರಿಯೋ ಅಪಾಯ ಇತ್ತು. ಆಮೇಲೆ ಸುತ್ತು ತಿರುಗೋ ಇಳಿತ ಬಿಟ್ಟು ಬೇರೆ ಥರ ಇಳಿದು ಬೀಮ್‌ನಲ್ಲಿ (ಕಿರಿದಾದ ಪಟ್ಟಿ ಮೇಲೆ ಮಾಡೋ ಕಸರತ್ತು) ಕಂಚು ತಗೊಂಡ್ರು. 2024ರ ಪ್ಯಾರಿಸ್‌ನಲ್ಲಿ 3 ಚಿನ್ನ, 1 ಬೆಳ್ಳಿ. ಅಂಥವ್ರನ್ನ ವೀಕ್ ಅನ್ನೋಕಾಗತ್ತಾ? ನಂಗಂತೂ ಅವತ್ತು ಹಿಂದೆ ಸರಿದಿದ್ದೇ ದೊಡ್ಡ ಧೈರ್ಯ ಅನ್ಸತ್ತೆ.

ಸ್ಪರ್ಧೆ ಹತ್ರ ಬಂದಾಗ ಅಡ್ರಿನಲಿನ್ ಅನ್ನೋ ಹಾರ್ಮೋನ್ ಏರತ್ತೆ, ಎದೆ ಹೊಡ್ಕೊಳತ್ತೆ, ಅಂಗೈ ಬೆವರತ್ತೆ, ಇದು ದೇಹ ರೆಡಿ ಆಗೋ ರೀತಿ ಅಷ್ಟೇ, ಕಾಯಿಲೆ ಅಲ್ಲ. ಆಟಗಾರರು ಅದನ್ನ ಹಿಡಿತದಲ್ಲಿಡೋದು ಕಲೀತಾರೆ: ಉಸಿರನ್ನ ನಿಧಾನಕ್ಕೆ ಉದ್ದವಾಗಿ ಬಿಟ್ರೆ ಹಾರ್ಟ್‌ಬೀಟ್ ಇಳಿಯತ್ತೆ, ಟೆನಿಸ್ ಆಟಗಾರ ನಡಾಲ್ ಪ್ರತಿ ಮ್ಯಾಚಲ್ಲೂ ನೀರಿನ ಬಾಟ್ಲಿ ಒಂದೇ ಥರ ಜೋಡಿಸ್ತಿದ್ರಲ್ಲ, ಅಂಥ ರೂಢಿಗಳೂ ಗಮನ ಚದುರದಂತೆ ಹಿಡಿದಿಡತ್ವೆ. ಇದನ್ನ ಕಲಿಸೋಕೇ ಮೆಂಟಲ್ ಕೋಚ್‌ಗಳಿರ್ತಾರೆ: ಪ್ಯಾಡಿ ಅಪ್ಟನ್ ಅಂಥವ್ರು, 2011ರ ವರ್ಲ್ಡ್ ಕಪ್ ಗೆದ್ದ ನಮ್ಮ ಕ್ರಿಕೆಟ್ ಟೀಮ್ ಜೊತೆಗೂ ಇದ್ರು, 2024ರಲ್ಲಿ ಚೆಸ್ ವಿಶ್ವ ಚಾಂಪಿಯನ್ ಆದ ಗುಕೇಶ್ ಜೊತೆಗೂ ಕೆಲಸ ಮಾಡಿದ್ರು.